‘ಸಂಕಟ’ ಎಂಬ ಒಂದು ಮಾತು: ಕೊನೆಗಾಲದ ಆರೈಕೆಯಲ್ಲಿ ಭಾಷೆ ಮತ್ತು ಆಚಾರ



ನಾನು ವೈದ್ಯನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿಗೆ ಸೇರಿ, 36 ವರ್ಷ ಕೌಂಟರಿನ ಹಿಂದೆ ಕುಳಿತು ನಿವೃತ್ತನಾದ ಗುಮಾಸ್ತ. ಇಂದು ಮಾತಾಡಲು ಹೊರಟಿರುವುದು ಗುಣವಾಗದ ಕಾಯಿಲೆಯಿಂದ ಮಲಗಿದವರ ಕೊನೆಗಾಲದ ಆರೈಕೆಯ ಬಗ್ಗೆ. ಸಂಜೆಯ ಹೊತ್ತಿಗೆ ಇಂಥ ವಿಷಯ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಎರಡು ಭಾಷೆಗಳ ನಡುವೆ ಬದುಕುವ ನಮ್ಮಂಥವರ ಮನೆಗಳಲ್ಲಿ ಈ ಮಾತನ್ನು ಮೊದಲೇ ಆಡದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಕಂಡಿದ್ದೇನೆ.

2004ನೇ ಇಸವಿ. ನನ್ನ ಅಮ್ಮನಿಗೆ ಹೊಟ್ಟೆಯ ಕ್ಯಾನ್ಸರ್. ಅಮ್ಮನಿಗೆ ಕನ್ನಡ ಮತ್ತು ತುಳು ಬಿಟ್ಟರೆ ಬೇರೆ ಭಾಷೆ ಬಾರದು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ನಮ್ಮ ಒಳನಾಡಿನ ಹಳ್ಳಿಯಲ್ಲಿ ಅಮ್ಮನ ಅಡುಗೆಮನೆಗೆ ಮಲಯಾಳ ಬಂದಿರಲೇ ಇಲ್ಲ. ಆಸ್ಪತ್ರೆಯಲ್ಲಿದ್ದ ಸಿಸ್ಟರ್ ತೆಂಕಣ ಜಿಲ್ಲೆಯವರು, ಬಹಳ ಒಳ್ಳೆಯ ಹುಡುಗಿ. ಅಮ್ಮ ಅವರ ಹತ್ತಿರ, “ಸಂಕಟ ಆಗ್ತದೆ ಸಿಸ್ಟರ್, ತುಂಬಾ ಸಂಕಟ” ಎಂದು ಹೇಳುತ್ತಿದ್ದರು. ಆ ಹುಡುಗಿ ಅಮ್ಮನ ಪಕ್ಕದಲ್ಲಿ ಕುಳಿತು, ಕೈ ಸವರಿ, “ಸಂಕಡಪ್ಪೆಡಂಡ ಅಮ್ಮೇ” ಎಂದು ಸಮಾಧಾನ ಮಾಡುತ್ತಿದ್ದಳು. ಹೀಗೆ ಎರಡು ದಿನ ಹೋಯಿತು.

ಎರಡೂ ಭಾಷೆ ಬಲ್ಲ ಕೇಳುಗರಿಗೆ ಈಗಾಗಲೇ ಅರ್ಥವಾಗಿರಬೇಕು. ನಮ್ಮಲ್ಲಿ ಸಂಕಟ ಎಂದರೆ ಹೊಟ್ಟೆಯೊಳಗಿನ ಯಾತನೆ, ತಡೆಯಲಾರದ ಬಾಧೆ. ಮಲಯಾಳದಲ್ಲಿ ಸಂಕಡ ಎಂದರೆ ದುಃಖ, ಮನಸ್ಸಿನ ಬೇಸರ. ಅಮ್ಮ ಕೇಳಿದ್ದು ನೋವಿನ ಮದ್ದು, ಸಿಕ್ಕಿದ್ದು ಸಾಂತ್ವನ. ಮೂರನೆಯ ದಿನ ವಾರ್ಡು ಗುಡಿಸಲು ಬಂದ ಮಂಜೇಶ್ವರ ಕಡೆಯ ಒಬ್ಬ ಹೆಂಗಸು ಅದನ್ನು ಕೇಳಿಸಿಕೊಂಡು, “ಅವರಿಗೆ ಬೇಜಾರಲ್ಲ ಸಿಸ್ಟರೇ, ನೋವು” ಎಂದು ಬಿಡಿಸಿ ಹೇಳಿದಳು. ಆಮೇಲೆ ಮದ್ದು ಬದಲಾಯಿತು, ಅಮ್ಮ ಆ ರಾತ್ರಿ ನಿದ್ದೆ ಮಾಡಿದರು.

ಇದರಲ್ಲಿ ಆ ಸಿಸ್ಟರ್‌ನದು ತಪ್ಪಿಲ್ಲ. ಆಗ ಬ್ಯಾಂಕಿನಲ್ಲಿ ಅರ್ಧವಾರ್ಷಿಕ ಲೆಕ್ಕ ಮುಗಿಸುವ ಸಮಯ. ನಾನು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಆಸ್ಪತ್ರೆಗೆ ಹೋಗಿ ಬರುತ್ತಿದ್ದೆ. ಹಗಲಿಡೀ ಕೌಂಟರಿನಲ್ಲಿ ಕುಳಿತು ಊರವರ ಚಲನ್, ಅರ್ಜಿಗಳನ್ನು ಮಲಯಾಳದಿಂದ ಕನ್ನಡಕ್ಕೆ, ಕನ್ನಡದಿಂದ ಮಲಯಾಳಕ್ಕೆ ಓದಿ ಹೇಳುತ್ತಿದ್ದವನು ನಾನು. ನನ್ನ ಅಮ್ಮನ ಒಂದು ಶಬ್ದವನ್ನು ಆಚೆ ದಾಟಿಸಲು ನಾನು ಅಲ್ಲಿರಲಿಲ್ಲ. ಈ ಮಾತನ್ನು 20 ವರ್ಷಗಳಿಂದ ಯಾರಲ್ಲೂ ಹೇಳಿರಲಿಲ್ಲ. ಇಂದು ಹೇಳುತ್ತಿರುವುದು ನಿಮ್ಮ ಮನೆಯಲ್ಲಿ ಹೀಗಾಗದಿರಲಿ ಎಂದು.

ಇನ್ನು ವಿಷಯಕ್ಕೆ ಬರುತ್ತೇನೆ.

ಗುಣಪಡಿಸಲು ಆಗದ ಕಾಯಿಲೆ ಇರುವವರ ನೋವು, ಉಬ್ಬಸ, ವಾಂತಿ, ಹುಣ್ಣು, ಭಯ ಇವುಗಳನ್ನು ಕಡಿಮೆ ಮಾಡಿ, ಇರುವಷ್ಟು ದಿನ ನೆಮ್ಮದಿಯಿಂದ ಇರುವಂತೆ ನೋಡಿಕೊಳ್ಳುವುದಕ್ಕೆ ಪಾಲಿಯೇಟಿವ್ ಕೇರ್ ಎಂದು ಹೆಸರು. ಕನ್ನಡದಲ್ಲಿ ಉಪಶಾಮಕ ಆರೈಕೆ ಎನ್ನುತ್ತಾರೆ. ನಮ್ಮ ಕಡೆಯ ಬೋರ್ಡುಗಳಲ್ಲಿ ಮಲಯಾಳದಲ್ಲಿ ‘ಸಾಂತ್ವನ ಪರಿಚರಣಂ’ ಎಂದು ಬರೆದಿರುವುದು ಇದೇ. ಇದು ಕ್ಯಾನ್ಸರಿಗೆ ಮಾತ್ರವಲ್ಲ. ಪಾರ್ಶ್ವವಾಯು ಬಡಿದು ಮಲಗಿದವರು, ಕಿಡ್ನಿ ಸೋತವರು, ಹೃದಯ ದುರ್ಬಲವಾದವರು, ಬುದ್ಧಿ ಮಂಕಾದ ವೃದ್ಧರು ಎಲ್ಲರಿಗೂ ಇದು ಬೇಕಾಗುತ್ತದೆ.

ಇದಕ್ಕೆ ಹೊಸ ರೂಪ ಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ. ಮೊದಲು ನರ್ಸ್ ಆಗಿ, ಆಮೇಲೆ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾಗಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಸಾಯುವವರ ನೋವು ಮೈಯದು ಮಾತ್ರವಲ್ಲ. ಮನಸ್ಸಿನದು, ಸಂಸಾರದ ಚಿಂತೆಯದು, ದೇವರು ಧರ್ಮಕ್ಕೆ ಸಂಬಂಧಿಸಿದ್ದು ಎಲ್ಲ ಸೇರಿ ಒಂದೇ ನೋವಾಗಿರುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು. ಆದ್ದರಿಂದ ಗುಳಿಗೆಯ ಜೊತೆಗೆ ಭಾಷೆಯೂ ಆಚಾರವೂ ಈ ಆರೈಕೆಯ ಭಾಗವೇ.

ನಮ್ಮ ದೇಶದಲ್ಲಿ ಈ ಕೆಲಸ ಮನೆಮನೆಗೆ ಮುಟ್ಟಿದ್ದು ಮುಖ್ಯವಾಗಿ ಕೇರಳದಲ್ಲಿ. 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಪೇಯ್ನ್ ಅಂಡ್ ಪಾಲಿಯೇಟಿವ್ ಕೇರ್ ಸೊಸೈಟಿ ಆರಂಭಿಸಿದರು. ರೋಗಿ ಆಸ್ಪತ್ರೆಗೆ ಬರಲಾರ, ಆಸ್ಪತ್ರೆಯೇ ರೋಗಿಯ ಮನೆಗೆ ಹೋಗಬೇಕು ಎಂದು ಕಂಡುಕೊಂಡು, ಆಮೇಲಿನ ವರ್ಷಗಳಲ್ಲಿ ಊರಿನ ಸ್ವಯಂಸೇವಕರಿಗೆ ತರಬೇತಿ ಕೊಟ್ಟರು. 2008ರಲ್ಲಿ ಕೇರಳ ಸರಕಾರ ಪಾಲಿಯೇಟಿವ್ ಆರೈಕೆಗೆಂದೇ ಒಂದು ನೀತಿ ಪ್ರಕಟಿಸಿತು. ಭಾರತದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಇದು. ಅದರಿಂದ ಪಂಚಾಯತುಗಳ ಮೂಲಕ ತರಬೇತಿ ಪಡೆದ ನರ್ಸ್ ಮನೆಗೆ ಬರುವ ಏರ್ಪಾಡಾಯಿತು. ಇತರ ರಾಜ್ಯಗಳ ಗಡಿಯಲ್ಲಿರುವ ಕೇಳುಗರು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬೇಕು. 2012ರಿಂದ ಕೇಂದ್ರ ಸರಕಾರದ ರಾಷ್ಟ್ರೀಯ ಕಾರ್ಯಕ್ರಮವೊಂದು ಇದಕ್ಕಾಗಿ ಇದೆ. ಬೆಂಗಳೂರಿನಲ್ಲಿ ಕರುಣಾಶ್ರಯ ಎಂಬ ಹಾಸ್ಪಿಸ್ 1999ರಿಂದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುತ್ತಿದೆ.

ಮೊದಲು ನೋವಿನ ಮದ್ದಿನ ಬಗ್ಗೆ ಎರಡು ಮಾತು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಒಂದು ಏಣಿಯನ್ನು ಹೇಳಿತು. ಕೆಳಗಿನ ಮೆಟ್ಟಿಲು ಪ್ಯಾರಾಸಿಟಮಾಲ್‌ನಂಥ ಗುಳಿಗೆ, ನಡುವಿನದು ಸ್ವಲ್ಪ ಬಲವಾದದ್ದು, ಮೇಲಿನದು ಮಾರ್ಫಿನ್. ಮಾರ್ಫಿನ್ ಎಂದ ಕೂಡಲೇ ನಮ್ಮವರಿಗೆ ಹೆದರಿಕೆ. ಅಫೀಮು, ಚಟ ಹತ್ತುತ್ತದೆ, ಬೇಗ ಸಾಯುತ್ತಾರೆ ಎಂದು. ಅಳತೆ ನೋಡಿ ಕೊಟ್ಟರೆ ಇದು ಆಯುಷ್ಯ ಕಡಿಮೆ ಮಾಡುವ ಮದ್ದಲ್ಲ; ತೀವ್ರ ನೋವಿರುವವರಿಗೆ ವೈದ್ಯರ ನಿಗಾದಲ್ಲಿ ಕೊಡುವಾಗ ಚಟದ ಭಯವೂ ತೀರ ಕಡಿಮೆ. ಸಾಧಾರಣ ಗುಳಿಗೆಯನ್ನು 4 ಗಂಟೆಗೊಮ್ಮೆ ಸಮಯ ತಪ್ಪದೆ ಕೊಡಬೇಕು, ನೋವು ಬಂದ ಮೇಲೆ ಕೊಡೋಣ ಎಂದು ಕಾಯಬಾರದು. ಮಲಬದ್ಧತೆ ಬರುವುದು ಖಂಡಿತ ಎಂದೇ ತಿಳಿದು, ಅದಕ್ಕೂ ಮದ್ದು ಜೊತೆಯಲ್ಲೇ ಕೇಳಿ ಪಡೆಯಬೇಕು. 1985ರ ಮಾದಕ ವಸ್ತುಗಳ ಕಾನೂನಿನಿಂದ ಈ ಮದ್ದು ಸಿಗುವುದೇ ಕಷ್ಟವಾಗಿತ್ತು. 2014ರಲ್ಲಿ ಆ ಕಾನೂನಿಗೆ ತಿದ್ದುಪಡಿಯಾಗಿ ಮಾನ್ಯತೆ ಪಡೆದ ಸಂಸ್ಥೆಗಳಿಗೆ ದಾರಿ ಸುಲಭವಾಯಿತು.

ಆದರೆ ಯಾವ ಮದ್ದು ಎಂಬುದನ್ನು ವೈದ್ಯರು ತೀರ್ಮಾನಿಸುವುದು ರೋಗಿಯ ಮಾತಿನಿಂದ. ಇಲ್ಲೇ ಭಾಷೆಯ ಪ್ರಶ್ನೆ ಬರುವುದು. ಕನ್ನಡದಲ್ಲಿ ನೋವಿಗೆ ಎಷ್ಟು ಹೆಸರು ನೋಡಿ. ಉರಿ ಎಂದರೆ ಸುಟ್ಟಂತೆ, ಚಳುಕು ಎಂದರೆ ಮಿಂಚಿನಂತೆ ಹೊಡೆಯುವುದು, ಸೆಳೆತ, ಹಿಂಡಿದಂತೆ ಆಗುವುದು, ಜೋಮು, ಕುಟುಕುವುದು. ಉರಿ, ಚಳುಕು, ಜೋಮು ಇದ್ದರೆ ಅದು ನರದ ನೋವಾಗಿರಬಹುದು. ಅದಕ್ಕೆ ಬೇರೆಯೇ ಗುಳಿಗೆ ಬೇಕಾಗುತ್ತದೆ. ಎಲ್ಲವನ್ನೂ ‘ವೇದನ’ ಎಂಬ ಒಂದೇ ಮಾತಿಗೆ ಇಳಿಸಿ ಹೇಳಿದರೆ ವೈದ್ಯರಿಗೆ ಅರ್ಧ ವಿಷಯ ತಿಳಿಯುವುದೇ ಇಲ್ಲ. ಇನ್ನೊಂದು ಸಂಗತಿ: ಬದುಕಿಡೀ ಎರಡು ಭಾಷೆ ಆಡಿದವರೂ ಜ್ವರದ ಭರದಲ್ಲಿ, ಕೊನೆಯ ದಿನಗಳಲ್ಲಿ, ಬಾಲ್ಯದ ಭಾಷೆಗೆ ಮರಳುವುದುಂಟು. ಮಲಯಾಳ ಶಾಲೆಯಲ್ಲಿ ಪಾಠ ಹೇಳಿದವರೂ ಕೊನೆಗೆ ತುಳುವಿನಲ್ಲಿ ನೀರು ಕೇಳಿದ್ದನ್ನು ನಾನು ಕಂಡಿದ್ದೇನೆ.

ಇದಕ್ಕೆ ನನ್ನ ಅತ್ತಿಗೆಯ ಕಾಲದಲ್ಲಿ ಒಂದು ಉಪಾಯ ಸಿಕ್ಕಿತು. 2021ರಲ್ಲಿ ಅತ್ತಿಗೆ ಮಲಗಿದ್ದರು. ಪಂಚಾಯತಿನಿಂದ ಬರುತ್ತಿದ್ದ ಸಿಸ್ಟರ್ ಮಲಯಾಳದವರೇ. ಅವರು ಮೊದಲ ದಿನವೇ ಒಂದು ನೋಟುಪುಸ್ತಕ ತೆಗೆದು, “ಅಣ್ಣಾ, ಇವರು ನೋವಿಗೆ ಏನೇನು ಹೇಳ್ತಾರೆ, ಹೇಳಿ” ಎಂದು ಕೇಳಿ, ನಮ್ಮ ಮಾತುಗಳನ್ನು ಮಲಯಾಳ ಅಕ್ಷರದಲ್ಲಿ ಬರೆದುಕೊಂಡರು. ನಾನು ಸಂಕಟ ಎಂಬ ಮಾತನ್ನು ಮೊದಲು ಬರೆಸಿದೆ. ನಾವೂ ಒಂದು ಹಾಳೆಯಲ್ಲಿ ಹತ್ತು ಮಾತುಗಳನ್ನು ಎರಡು ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು: ನೋವು, ಉರಿ, ಸಂಕಟ, ವಾಂತಿ, ಉಬ್ಬಸ, ಬಾಯಾರಿಕೆ, ಚಳಿ, ಹೆದರಿಕೆ, ಮಗ್ಗುಲು ಬದಲಿಸಿ, ಸಾಕು. ಖರ್ಚು ಒಂದು ಹಾಳೆ ಕಾಗದ. ಹೊಸೂರಿನವರು ತಮಿಳಿನಲ್ಲಿ, ಅಕ್ಕಲಕೋಟೆಯವರು ಮರಾಠಿಯಲ್ಲಿ, ಆದೋನಿಯವರು ತೆಲುಗಿನಲ್ಲಿ ಇದನ್ನೇ ಮಾಡಬಹುದು. ಮನೆಯ ಸಣ್ಣ ಮಕ್ಕಳನ್ನು ಮಾತ್ರ ದುಭಾಷಿ ಮಾಡಬೇಡಿ. ಅಜ್ಜಿ ಸಾಯುತ್ತಾಳೆ ಎಂಬ ಮಾತನ್ನು ಹತ್ತು ವರ್ಷದ ಮಗುವಿನ ಬಾಯಿಂದ ಹೇಳಿಸುವುದು ಸರಿಯಲ್ಲ.

ಇನ್ನು ಆಚಾರದ ವಿಷಯ. ನಮ್ಮ ಗಡಿನಾಡಿನಲ್ಲಿ ಒಂದೇ ಬೀದಿಯಲ್ಲಿ ನಾಲ್ಕು ಜಾತಿ, ಮೂರು ಮತ, ಐದು ಭಾಷೆ. ಪ್ರತಿಯೊಬ್ಬರಿಗೂ ಕೊನೆಗಾಲದಲ್ಲಿ ಬೇಕಾಗುವುದು ಬೇರೆ ಬೇರೆ.

ಅನೇಕ ಹಿಂದೂ ಮನೆಗಳಲ್ಲಿ ಪ್ರಾಣ ಹೋಗುವ ಮೊದಲು ಮಂಚದಿಂದ ಇಳಿಸಿ ನೆಲದ ಮೇಲೆ ಮಲಗಿಸುವುದು, ಬಾಯಿಗೆ ತುಳಸಿ ನೀರೋ ಗಂಗಾಜಲವೋ ಬಿಡುವುದು ರೂಢಿ. ಅಮ್ಮ ಇದನ್ನೇ ಕೇಳಿದ್ದರು. ಐಸಿಯುವಿನಲ್ಲಿ ಬಾಯಿಗೆ ಏನೂ ಕೊಡಬಾರದು ಎಂಬ ನಿಯಮವಿತ್ತು. ನುಂಗುವ ಶಕ್ತಿ ಇಲ್ಲದವರ ಬಾಯಿಗೆ ಚಮಚದಲ್ಲಿ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಆದ್ದರಿಂದ ನಿಯಮಕ್ಕೆ ಕಾರಣವಿದೆ. ಆದರೆ ಶುದ್ಧ ಹತ್ತಿಯನ್ನು ತುಳಸಿ ನೀರಿನಲ್ಲಿ ಅದ್ದಿ ತುಟಿ, ನಾಲಗೆ ಒದ್ದೆ ಮಾಡಲು ಅಡ್ಡಿಯಿಲ್ಲ. ಒಣಗಿದ ಬಾಯಿಗೆ ನರ್ಸುಗಳೇ ಮಾಡುವ ಆರೈಕೆ ಅದು. ಇದು ನನಗೆ ತಿಳಿದದ್ದು ಅತ್ತಿಗೆಯ ಕಾಲದಲ್ಲಿ. 2004ರಲ್ಲಿ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಮ್ಮ ಗಾಜಿನ ಬಾಗಿಲಿನ ಆಚೆ, ರಾತ್ರಿ ಹೊತ್ತು, ಒಬ್ಬರೇ ಹೋದರು.

ನಮ್ಮ ನೆರೆಯ ಹಾಜಿಯವರು ಮಲಗಿದ್ದಾಗ ಅವರ ಚಿಂತೆ ನಮಾಜಿನದು. ಮೂತ್ರದ ಟ್ಯೂಬು ಹಾಕಿದ್ದರಿಂದ ಶುದ್ಧಿ ಕೆಟ್ಟಿತು, ನಮಾಜು ಸಲ್ಲುವುದಿಲ್ಲ ಎಂದು ಅವರು ಕೊರಗುತ್ತಿದ್ದರು. ಮಸೀದಿಯ ಉಸ್ತಾದರು ಬಂದು, ರೋಗಿಗೆ ವಿನಾಯಿತಿ ಇದೆ, ನೀರು ಮುಟ್ಟಲಾಗದಿದ್ದರೆ ತಯಮ್ಮುಮ್ ಇದೆ, ಎದ್ದು ನಿಲ್ಲಲಾಗದಿದ್ದರೆ ಮಲಗಿದಲ್ಲೇ ನಮಾಜು ಮಾಡಬಹುದು ಎಂದು ತಿಳಿಸಿದ ಮೇಲೆ ಅವರ ಮುಖ ತಿಳಿಯಾಯಿತು. ಯಾವ ಗುಳಿಗೆಯೂ ಮಾಡದ ಕೆಲಸ ಅದು. ಮಂಚವನ್ನು ಪಶ್ಚಿಮದ ಕಿಬ್ಲಾಕ್ಕೆ ಸರಿಯಾಗಿ ತಿರುಗಿಸುವುದು, ಕೊನೆಯ ಹೊತ್ತಿನಲ್ಲಿ ಕಿವಿಯ ಬಳಿ ಕಲಿಮಾ ಹೇಳಲು ಒಬ್ಬರನ್ನು ಬಿಡುವುದು, ಹೆಂಗಸರ ಆರೈಕೆಗೆ ಹೆಂಗಸರನ್ನೇ ಕಳಿಸುವುದು, ದಫನ ಬೇಗ ಆಗುವಂತೆ ಕಾಗದಪತ್ರ ತಡಮಾಡದಿರುವುದು, ಇಷ್ಟು ನೋಡಿಕೊಂಡರೆ ದೊಡ್ಡ ಉಪಕಾರ.

ಕ್ಯಾಥೊಲಿಕ್ ಮನೆಗಳಲ್ಲಿ ಪಾದ್ರಿಗಳು ಬಂದು ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುತ್ತಾರೆ. ಇದು ಸಾಯುವ ಗಳಿಗೆಯದು ಮಾತ್ರ ಎಂದು ತಿಳಿದು ಅನೇಕರು ಕರೆಯಲು ಹಿಂಜರಿಯುತ್ತಾರೆ. 1972ರಲ್ಲಿ ಪೋಪ್ ಆರನೆಯ ಪಾವ್ಲರು ಇದನ್ನು ರೋಗಿಗಳ ಅಭ್ಯಂಗ ಎಂದು ಸ್ಪಷ್ಟಪಡಿಸಿದರು. ಕಾಯಿಲೆ ಗಂಭೀರವಾದಾಗಲೇ, ರೋಗಿಗೆ ಪ್ರಜ್ಞೆ ಇರುವಾಗಲೇ ಕರೆಯಬಹುದು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಲಿಂಗಾಯತ ಕೇಳುಗರಿಗೆ ಇಷ್ಟಲಿಂಗದ ವಿಷಯ ಗೊತ್ತೇ ಇದೆ. ಸ್ಕ್ಯಾನಿಂಗಿಗೆ ಒಯ್ಯುವಾಗ ಕರಡಿಗೆಯ ಲೋಹ ಅಡ್ಡಿಯಾಗುತ್ತದೆಂದು ತೆಗೆಯಲು ಹೇಳುತ್ತಾರೆ. ಅದನ್ನು ಬಟ್ಟೆ, ಬಳೆಗಳ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ರೋಗಿಗೆ ಆಗುವ ನೋವು ಹೇಳತೀರದು. ಮನೆಯವರೊಬ್ಬರ ಕೈಗೆ ಕೊಡಿಸಿ, ಕೆಲಸ ಮುಗಿದ ಕೂಡಲೇ ತಿರುಗಿ ಧರಿಸುವ ಏರ್ಪಾಡನ್ನು ಮೊದಲೇ ಕೇಳಿಕೊಳ್ಳಿ. ಮತ್ತೊಂದು ವಿಷಯ: ಲಿಂಗಾಯತರಲ್ಲಿ ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವ ಪದ್ಧತಿ ಇದೆ. ಜೀವ ಹೋದ ಕೆಲವೇ ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳುತ್ತದೆ. ಬಿಲ್ಲಿನ ಲೆಕ್ಕಕ್ಕೆಂದು ರಾತ್ರಿಯಿಡೀ ಕಾಯಿಸಿದರೆ ಆ ಮನೆಯವರಿಗೆ ಎಂಥ ಕಷ್ಟವೆಂದು ಆಸ್ಪತ್ರೆಯವರಿಗೆ ತಿಳಿದಿರಲಾರದು. ನಾವೇ ಹೇಳಬೇಕು.

ವಯನಾಡಿನ ಜೈನ ಮನೆಗಳಲ್ಲಿ ಸೂರ್ಯಾಸ್ತದ ನಂತರ ಉಣ್ಣದವರಿದ್ದಾರೆ. ಅವರ ಊಟದ, ಗುಳಿಗೆಯ ವೇಳೆಯನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಡಬಹುದೇ ಎಂದು ವೈದ್ಯರನ್ನು ಕೇಳಬೇಕು. ಸಲ್ಲೇಖನವು ಅವರ ಬಹಳ ಹಳೆಯ ವ್ರತ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಅದು ಆತ್ಮಹತ್ಯೆಗೆ ಸಮ ಎಂದು ಹೇಳಿತು. ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಸಸ್ಯಾಹಾರಿಗಳು ಇನ್ನೊಂದನ್ನು ಗಮನಿಸಬೇಕು: ಅನೇಕ ಕ್ಯಾಪ್ಸೂಲುಗಳ ಹೊದಿಕೆ ಪ್ರಾಣಿಜನ್ಯ ಜೆಲಟಿನ್. ಬೇಡವಾದರೆ ಗುಳಿಗೆಯ ಅಥವಾ ದ್ರವದ ರೂಪ ಇದೆಯೇ ಎಂದು ಕೇಳಬಹುದು.

ಆದರೆ ಒಂದು ಎಚ್ಚರಿಕೆ. ಹೆಸರು ಕೇಳಿ, ಜಾತಿ ನೋಡಿ, ಇವರಿಗೆ ಇದೇ ಬೇಕು ಎಂದು ತೀರ್ಮಾನಿಸುವುದೂ ತಪ್ಪೇ. ನನ್ನ ಅತ್ತಿಗೆಯನ್ನು ನೆಲಕ್ಕೆ ಇಳಿಸಬೇಕೆಂದು ನಾವೆಲ್ಲ ಸಿದ್ಧರಾಗಿದ್ದೆವು. ಸಿಸ್ಟರ್ ಅವರನ್ನೇ ಕೇಳಿದರು. ಅತ್ತಿಗೆ, “ಬೇಡ ಮಾರಾಯ್ತಿ, ಬೆನ್ನು ನೋಯ್ತದೆ. ಕಿಟಿಕಿ ಹತ್ತಿರ ಮಂಚ ಎಳೆಯಿರಿ, ಹಟ್ಟಿ ಕಾಣಬೇಕು” ಎಂದರು. ಅವರು ಸಾಕಿದ ದನ ಆ ಹಟ್ಟಿಯಲ್ಲಿತ್ತು. ಯಾವ ಶಾಸ್ತ್ರದಲ್ಲೂ ಬರೆಯದ ಮಾತು ಅದು. ಕೇಳಿದ್ದರಿಂದ ಗೊತ್ತಾಯಿತು.

ರೋಗ ಏನೆಂದು ರೋಗಿಗೆ ಹೇಳಬೇಕೆ ಎಂಬುದು ಮತ್ತೊಂದು ತೊಡಕು. “ಡಾಕ್ಟ್ರೇ, ಅಪ್ಪನಿಗೆ ಮಾತ್ರ ಹೇಳಬೇಡಿ” ಎನ್ನುವುದು ನಮ್ಮ ಮನೆಗಳ ವಾಡಿಕೆ. ಅದು ಪ್ರೀತಿಯಿಂದಲೇ. ಆದರೆ ಅಪ್ಪನಿಗೆ ಎಲ್ಲ ಗೊತ್ತಿರುತ್ತದೆ, ಮಕ್ಕಳು ನೊಂದಾರೆಂದು ಅವರೂ ಸುಮ್ಮನಿರುತ್ತಾರೆ. ಕೊನೆಗೆ ಯಾರೂ ಯಾರೊಂದಿಗೂ ಮಾತಾಡದೆ ದಿನ ಮುಗಿಯುತ್ತದೆ. ಅನುಭವಿ ವೈದ್ಯರು ರೋಗಿಯನ್ನೇ ಮೆಲ್ಲಗೆ ಕೇಳುತ್ತಾರೆ: ನಿಮಗೆ ಎಷ್ಟು ತಿಳಿಯಬೇಕೆಂದಿದೆ, ನಿಮಗೇ ಹೇಳಲೋ, ಮಗನಿಗೆ ಹೇಳಲೋ? ಉತ್ತರ ಹೇಗಿದೆಯೋ ಹಾಗೆ ನಡೆಯುವುದು ಸರಿ.

ಕೊನೆಯ ದಿನಗಳಲ್ಲಿ ಹಸಿವೆ ತಾನಾಗಿ ಹೋಗುತ್ತದೆ. ಉಣ್ಣದೆ ಸಾಯುತ್ತಿದ್ದಾರೆ ಎಂದು ನಾವು ಗಂಜಿ ತುರುಕುತ್ತೇವೆ. ವಾಸ್ತವದಲ್ಲಿ ದೇಹ ನಿಲ್ಲುತ್ತಿರುವುದರಿಂದ ಊಟ ಸೇರದು. ಒತ್ತಾಯ ಮಾಡಬಾರದು. ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಒಂದು ಮಗ್ಗುಲಿಗೆ ಮಲಗಿಸಿದರೆ ಕಡಿಮೆಯಾಗಬಹುದು.

ಈಗ ಕಾಗದದ ಮಾತು, ಗುಮಾಸ್ತನ ಬಾಯಿಂದ. ಬ್ಯಾಂಕಿನಲ್ಲಿ ನಾಮಿನೇಶನ್ ಫಾರಂ ತುಂಬಿ ಎಂದರೆ ಜನ, “ಈಗಲೇ ಸಾಯ್ತೇನಾ?” ಎಂದು ನಗುತ್ತಿದ್ದರು. ತುಂಬದೆ ಹೋದವರ ಮನೆಯವರು ಆಮೇಲೆ ವರ್ಷಗಟ್ಟಲೆ ಅಲೆದದ್ದು ನನಗೆ ಗೊತ್ತು. ದೇಹದ ವಿಷಯದಲ್ಲೂ ಅಂಥದೇ ಒಂದು ಫಾರಂ ಈಗ ಇದೆ ಎನ್ನಬಹುದು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು, ಗುಣವಾಗುವ ಆಸೆ ಇಲ್ಲದಾಗ ಯಂತ್ರಗಳ ಮೂಲಕ ಜೀವ ಎಳೆಯುವುದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಮಾನ್ಯ ಮಾಡಿತು. 2023ರ ಜನವರಿಯಲ್ಲಿ ಅದರ ಕ್ರಮವನ್ನು ಸುಲಭ ಮಾಡಿತು. 18 ವರ್ಷ ತುಂಬಿದ, ಸ್ವಸ್ಥ ಬುದ್ಧಿಯ ಯಾರೂ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು; ತಮಗೆ ಮಾತಾಡಲಾಗದಾಗ ತಮ್ಮ ಪರವಾಗಿ ಯಾರು ಹೇಳಬೇಕು ಎಂಬುದನ್ನೂ ಅದರಲ್ಲಿ ಹೆಸರಿಸಬೇಕು. ಆಮೇಲೂ ಎರಡು ವೈದ್ಯಕೀಯ ಮಂಡಳಿಗಳು ನೋಡಿದ ನಂತರವೇ ನಿರ್ಧಾರ. ಇದು ಸೂಜಿ ಚುಚ್ಚಿ ಕೊಲ್ಲುವುದಲ್ಲ. ಅದು ನಮ್ಮ ದೇಶದಲ್ಲಿ ಅಪರಾಧವೇ. ನೋವಿನ ಮದ್ದು, ಆರೈಕೆ ಯಾವ ಕಾರಣಕ್ಕೂ ನಿಲ್ಲುವುದಿಲ್ಲ.

ಗಡಿಯವರು ಗಡಿಯನ್ನೂ ಮರೆಯಬಾರದು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾದ ಕಾರಣ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆಚೆ ಹೋಗಲಾರದೆ ಉಳಿದರು. ವಿಷಯ ಕೋರ್ಟಿನ ತನಕ ಹೋಯಿತು. ಹತ್ತಿರದ ಪಾಲಿಯೇಟಿವ್ ಘಟಕದಲ್ಲಿ ಹೆಸರು ಬರೆಸಿಡುವುದು ಯಾಕೆ ಮುಖ್ಯ ಎಂದು ಆಗ ಅನೇಕರಿಗೆ ತಿಳಿಯಿತು.

ಕೊನೆಗೆ, ಮಲಗಿದವರಲ್ಲಿ ಪ್ರಜ್ಞೆ ಇರುವಾಗಲೇ ಕೇಳಬೇಕಾದ ಐದು ಪ್ರಶ್ನೆಗಳನ್ನು ಹೇಳಿ ಮುಗಿಸುತ್ತೇನೆ. ಬೇಕಾದವರು ಬರೆದುಕೊಳ್ಳಿ.

1. ನಿಮಗೆ ಯಾವ ಭಾಷೆಯಲ್ಲಿ ಮಾತಾಡಿದರೆ ಹಿತ? ನೋವನ್ನು ನೀವು ಏನೆಂದು ಕರೆಯುತ್ತೀರಿ?
2. ಕಾಯಿಲೆಯ ವಿಷಯ ನಿಮಗೆ ಎಷ್ಟು ತಿಳಿಯಬೇಕು? ನಿಮ್ಮ ಪರವಾಗಿ ಯಾರು ಮಾತಾಡಬೇಕು?
3. ಊಟ, ಮಡಿ, ಪ್ರಾರ್ಥನೆ, ಮೈಮೇಲಿನ ವಸ್ತು ಇವುಗಳಲ್ಲಿ ಬಿಡಲಾಗದ್ದು ಯಾವುದು?
4. ಎಲ್ಲಿ ಇರಬೇಕೆಂದು ಮನಸ್ಸು, ಮನೆಯಲ್ಲೋ ಆಸ್ಪತ್ರೆಯಲ್ಲೋ? ಹತ್ತಿರ ಯಾರಿರಬೇಕು?
5. ಆಮೇಲಿನ ಕಾರ್ಯ ಹೇಗೆ ಆಗಬೇಕು?

ಉತ್ತರಗಳನ್ನು ಎರಡು ಭಾಷೆಯಲ್ಲಿ ಬರೆದು ಮದ್ದಿನ ಚೀಟಿಯ ಜೊತೆ ಇಡಿ. ಆಸ್ಪತ್ರೆಯಲ್ಲಿ ಬೈಸ್ಟ್ಯಾಂಡರ್ ಆಗಿ ನಿಲ್ಲುವವರು ಯಾರೇ ಆದರೂ ಅದನ್ನು ಸಿಸ್ಟರ್‌ಗೆ ತೋರಿಸಲಿ. ನಿಮ್ಮ ವಾರ್ಡಿನಲ್ಲಿ ಭಾಷೆ ತಿಳಿಯದ ಇನ್ನೊಬ್ಬರು ಮಲಗಿದ್ದರೆ, ಹೋಗಿ ಒಂದು ಮಾತು ದಾಟಿಸಿ ಬನ್ನಿ. ನನ್ನ ಅಮ್ಮನಿಗೆ ಅಷ್ಟು ಮಾಡಿದ ಆ ಹೆಂಗಸಿನ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಕೇಳಿ ಇಟ್ಟುಕೊಳ್ಳಬೇಕಿತ್ತು.